ಅಜ್ಜಿಕಥೆಗಳು ಕನ್ನಡದಲ್ಲಿ ಕಾದಂಬರಿಗಳಾಗಲಿ

ಮಾನ್ಯ ಸಂಪಾದಕರಿಗೆ, ಸಾದರ ವಂದನೆಗಳು.

ಈಗಿನ ಹುಡುಗ ಹುಡುಗಿಯರು ಓದುವುದೇ ಇಲ್ಲ, ಓದಿದರೂ ಮಾಟಗಾತಿಯರು, ಡ್ರ್ಯಾಗನ್‌ಗಳು ತುಂಬಿದ ಇಂಗ್ಲಿಷ್ ಕಾದಂಬರಿಗಳನ್ನು ಬಿಟ್ಟು ಬೇರೇನನ್ನೂ ಮುಟ್ಟುವುದಿಲ್ಲ ಎಂಬ ಮಾತು ಮುಂಬಯಿಯ ಕನ್ನಡ ಸಮಾರಂಭಗಳಲ್ಲಿ ಆಗಾಗ ಕೇಳಿಬರುತ್ತದೆ. ತಮ್ಮ ಪತ್ರಿಕೆಯ ವಾಚಕರ ಅಂಕಣದಲ್ಲಿಯೂ ಆ ಧಾಟಿಯ ಪತ್ರಗಳನ್ನು ಓದಿದ್ದೇನೆ. ನಾನು ಡೊಂಬಿವಲಿಯಲ್ಲಿ ಹುಟ್ಟಿ ಬೆಳೆದು ಈಗ ಪದವಿ ತರಗತಿಯಲ್ಲಿ ಕಲಿಯುತ್ತಿರುವವಳು, ಅಂಥ ಕಾದಂಬರಿಗಳನ್ನು ಮನಸಾರೆ ಪ್ರೀತಿಸುವವಳು. ಆ ಪುಸ್ತಕಗಳ ಪರವಾಗಿ ನಾಲ್ಕು ಮಾತು ಹೇಳುವುದಕ್ಕೂ, ಅದಕ್ಕಿಂತ ಮುಖ್ಯವಾಗಿ, ಅಂಥ ಪುಸ್ತಕಗಳು ನಮ್ಮದೇ ಅಜ್ಜಿಕಥೆಗಳಿಂದ ಕನ್ನಡದಲ್ಲಿಯೇ ಹುಟ್ಟಿಬರಬೇಕೆಂದು ಲೇಖಕರನ್ನೂ ಪ್ರಕಾಶಕರನ್ನೂ ಕೇಳಿಕೊಳ್ಳುವುದಕ್ಕೂ ಈ ಪತ್ರ ಬರೆಯುತ್ತಿದ್ದೇನೆ.

ಮಾಯಾಲೋಕದ ಕಾದಂಬರಿಗಳಲ್ಲಿ ನನ್ನನ್ನು ಹೆಚ್ಚಾಗಿ ಸೆಳೆದಿರುವುದು ಹಳೆಯ ಕಿನ್ನರಕಥೆಯೊಂದನ್ನು ಎತ್ತಿಕೊಂಡು ಅದನ್ನು ಹೊಸದಾಗಿ ಹೇಳುವ ಬಗೆ. 1997ರಲ್ಲಿ ಪ್ರಕಟವಾದ, ಅಮೆರಿಕದ ಲೇಖಕಿ ಗೇಲ್ ಕಾರ್ಸನ್ ಲೆವಿನ್ ಅವರ ‘ಎಲ್ಲಾ ಎನ್‌ಚಾಂಟೆಡ್’ ಇದಕ್ಕೆ ಒಳ್ಳೆಯ ಉದಾಹರಣೆ. ಸಿಂಡ್ರೆಲಾಳ ಕಥೆ ಕೇಳಿದ ಯಾವ ಮಗುವಿಗಾದರೂ ಒಂದು ಪ್ರಶ್ನೆ ಹುಟ್ಟುತ್ತದೆ: ಮಲತಾಯಿ ಹೇಳಿದ್ದನ್ನೆಲ್ಲ ಈ ಹುಡುಗಿ ಯಾಕೆ ತುಟಿ ಬಿಚ್ಚದೆ ಮಾಡುತ್ತಾಳೆ? ಲೆವಿನ್ ಈ ಒಂದು ಪ್ರಶ್ನೆಯಿಂದಲೇ ಇಡೀ ಕಾದಂಬರಿಯನ್ನು ಕಟ್ಟುತ್ತಾರೆ. ಹುಟ್ಟಿದ ಮಗುವಿಗೆ ಯಕ್ಷಿಣಿಯೊಬ್ಬಳು ವಿಧೇಯತೆಯ ವರ ಕೊಡುತ್ತಾಳೆ, ಆ ವರವೇ ಶಾಪವಾಗುತ್ತದೆ, ಯಾರು ಏನನ್ನು ಆಜ್ಞಾಪಿಸಿದರೂ ‘ಎಲ್ಲಾ’ ಎಂಬ ಹೆಸರಿನ ಆ ಹುಡುಗಿ ಅದನ್ನು ಮಾಡಲೇಬೇಕಾಗುತ್ತದೆ. ಕೊನೆಯಲ್ಲಿ, ತನ್ನನ್ನು ಮದುವೆಯಾದರೆ ರಾಜಕುಮಾರನ ಪ್ರಾಣಕ್ಕೇ ಅಪಾಯ, ಯಾಕೆಂದರೆ ಅವನನ್ನು ಕೊಲ್ಲೆಂದು ಯಾರಾದರೂ ತನಗೆ ಅಪ್ಪಣೆ ಕೊಡಬಹುದು ಎಂಬುದನ್ನು ಅರಿತ ಆಕೆ, ಮದುವೆಯಾಗು ಎಂದು ಎಲ್ಲರೂ ಒತ್ತಾಯಿಸುತ್ತಿರುವಾಗಲೇ ತಾನು ಒಲಿದವನಿಗೆ ‘ಆಗುವುದಿಲ್ಲ’ ಎನ್ನುತ್ತಾಳೆ, ಆ ಮಾತಿನಿಂದಲೇ ಶಾಪ ಕಳಚುತ್ತದೆ. ಹೇಳಿದ ಮಾತು ಕೇಳುವವಳೇ ಒಳ್ಳೆಯ ಹುಡುಗಿ ಎಂದು ಕೇಳುತ್ತಲೇ ಬೆಳೆದ ನನ್ನಂಥವರಿಗೆ ಆ ಪುಟಗಳು ಕೊಟ್ಟದ್ದನ್ನು ಯಾವ ಉಪದೇಶದ ಪುಸ್ತಕವೂ ಕೊಟ್ಟಿರಲಿಲ್ಲ. ಠಾಣೆ ದಾಟಿ ದಾದರ್ ಬರುವವರೆಗೆ ಫಾಸ್ಟ್ ಲೋಕಲ್‌ನ ಮಹಿಳಾ ಡಬ್ಬಿಯಲ್ಲಿ ಒಂದು ಕೈಯಲ್ಲಿ ಹಿಡಿಕೆ, ಇನ್ನೊಂದು ಕೈಯಲ್ಲಿ ಮಡಿಚಿ ಹಿಡಿದ ಪುಸ್ತಕ, ಹಾಳೆ ತಿರುಗಿಸಬೇಕಾದಾಗಲೆಲ್ಲ ಪಕ್ಕದವರ ಭುಜಕ್ಕೆ ಒರಗಿ ಓದಿದ ಕಾದಂಬರಿ ಅದು. ಕಿಂಗ್ಸ್ ಸರ್ಕಲ್‌ನ ಫುಟ್‌ಪಾತಿನಲ್ಲಿ ಹಳೆಯ ಪುಸ್ತಕ ಮಾರುವವರಲ್ಲಿ ಇಂಥವು ರಾಶಿ ರಾಶಿ ದೊರೆಯುತ್ತವೆ, ಮೊದಲ ಪುಟದಲ್ಲಿ ಬೇರೆ ಯಾರದೋ ಹೆಸರು ಇರುತ್ತದೆ ಎಂಬುದನ್ನು ಬಿಟ್ಟರೆ ಓದುವುದಕ್ಕೆ ಯಾವ ಅಡ್ಡಿಯೂ ಇಲ್ಲ.

ಇವೆಲ್ಲ ಬದುಕಿನಿಂದ ಓಡಿಹೋಗುವ ದಾರಿಗಳು ಎಂಬ ಆಕ್ಷೇಪಕ್ಕೆ ಉತ್ತರ ಬಹಳ ಹಿಂದೆಯೇ ಬಂದಿದೆ. ಆಕ್ಸ್‌ಫರ್ಡ್‌ನಲ್ಲಿ ಹಳೆಯ ಇಂಗ್ಲಿಷ್ ಬೋಧಿಸುತ್ತಿದ್ದ ಟೋಲ್ಕಿನ್ ಅವರು 1939ರಲ್ಲಿ ಸ್ಕಾಟ್ಲೆಂಡಿನ ಸೇಂಟ್ ಆ್ಯಂಡ್ರೂಸ್ ವಿಶ್ವವಿದ್ಯಾಲಯದಲ್ಲಿ ಕಿನ್ನರಕಥೆಗಳ ಕುರಿತು ಉಪನ್ಯಾಸ ಕೊಟ್ಟರು. ರಣರಂಗ ಬಿಟ್ಟು ಓಡುವ ಸೈನಿಕನಿಗೂ ಸೆರೆಮನೆಯಿಂದ ತಪ್ಪಿಸಿಕೊಳ್ಳಬಯಸುವ ಕೈದಿಗೂ ಇರುವ ಅಂತರವನ್ನು ಟೀಕಾಕಾರರು ಮರೆಯುತ್ತಾರೆ ಎಂಬುದು ಅವರ ವಾದವಾಗಿತ್ತು, ಮತ್ತು ಈ ಕಥೆಗಳು ಮಕ್ಕಳಿಗೆ ಮಾತ್ರ ಮೀಸಲು ಎಂಬ ನಂಬಿಕೆಯನ್ನೂ ಅವರು ಒಪ್ಪಲಿಲ್ಲ. ಇದಕ್ಕಿಂತ ಹೆಚ್ಚಿಗೆ ನಾನು ಸೇರಿಸಬೇಕಾದ್ದಿಲ್ಲ.

ಮೂಲಕಥೆಯನ್ನು ತಿರುಚಿ ಕೆಡಿಸುತ್ತಾರೆ ಎಂಬ ಇನ್ನೊಂದು ಆಕ್ಷೇಪವಿದೆ, ಅದನ್ನು ಮಾತ್ರ ಸ್ವಲ್ಪ ವಿವರವಾಗಿ ನೋಡಬೇಕು. ಮೂಲವೆಂದು ನಾವು ಭಾವಿಸುವ ಜರ್ಮನಿಯ ಗ್ರಿಮ್ ಸೋದರರ ಕಿನ್ನರಕಥೆಗಳ ಸಂಗ್ರಹವೇ 1812ರ ಮೊದಲ ಆವೃತ್ತಿಯಿಂದ 1857ರ ಏಳನೆಯ ಆವೃತ್ತಿಯವರೆಗೆ ಮತ್ತೆ ಮತ್ತೆ ತಿದ್ದಿ ಬರೆಯಲ್ಪಟ್ಟಿತು. ಹಿಮಬಿಳಿ (ಸ್ನೋ ವೈಟ್) ಎಂಬ ರಾಜಕುಮಾರಿಯನ್ನು ಕೊಲ್ಲಿಸಲು ಹೊರಟವಳು ಮೊದಲ ಆವೃತ್ತಿಯಲ್ಲಿ ಮಲತಾಯಿಯಲ್ಲ, ಹೆತ್ತ ತಾಯಿಯೇ. ತಾಯ್ತನದ ಬಗೆಗಿನ ಗೌರವಕ್ಕೆ ಧಕ್ಕೆ ಬಾರದಿರಲೆಂದು ಮುಂದಿನ ಆವೃತ್ತಿಯಲ್ಲಿ ಆಕೆಯನ್ನು ಮಲತಾಯಿಯಾಗಿಸಲಾಯಿತು. ಇನ್ನು ನಮ್ಮಲ್ಲಿ ನೋಡಿದರೆ ಕನ್ನಡ ಸಾಹಿತ್ಯ ಶುರುವಾಗುವುದೇ ಮರುಕಥನದಿಂದ. ಪಂಪನು 941ರ ಸುಮಾರಿಗೆ ಮಹಾಭಾರತವನ್ನು ತನ್ನ ಒಡೆಯ ಅರಿಕೇಸರಿಗೆ ಹೊಂದಿಸಿ ಹೇಳಿದಾಗ ದ್ರೌಪದಿಯನ್ನು ಅರ್ಜುನನೊಬ್ಬನ ಹೆಂಡತಿಯನ್ನಾಗಿ ಮಾಡಿದನು. ನಾಗಚಂದ್ರನ ರಾವಣನು ಸೀತೆಯ ದೃಢತೆಯನ್ನು ಕಂಡು ಪಶ್ಚಾತ್ತಾಪಪಡುತ್ತಾನೆ. ‘ತಿಣಿಕಿದನು ಫಣಿರಾಯ ರಾಮಾಯಣದ ಕವಿಗಳ ಭಾರದಲಿ’ ಎಂದ ಕುಮಾರವ್ಯಾಸನು, ಅಷ್ಟು ಮಂದಿ ಹೇಳಿದ್ದಾರೆಂದು ತಾನು ಕಥೆ ಹೇಳುವುದನ್ನು ಬಿಡಲಿಲ್ಲ, ಅವರು ಹೇಳದೆ ಉಳಿಸಿದ್ದನ್ನು ಹುಡುಕಿಕೊಂಡು ಭಾರತದ ಕಡೆಗೆ ಹೋದನು. ಕುವೆಂಪು ಅವರ ಕಿಂದರಿಜೋಗಿ ಹುಟ್ಟಿದ್ದು ಜರ್ಮನಿಯ ಹ್ಯಾಮೆಲಿನ್ ಊರಿನಲ್ಲಿ, ಇಂಗ್ಲಿಷ್ ಕವಿ ಬ್ರೌನಿಂಗ್ 1842ರಲ್ಲಿ ಪ್ರಕಟಿಸಿದ ಪದ್ಯದ ಮೂಲಕ ಬಂದವನು ಅವನು. ಆದರೆ ತುಂಗೆಯ ದಡದ ಬೊಮ್ಮನಹಳ್ಳಿಗೆ ಬಂದ ಮೇಲೆ ಆತ ಎಷ್ಟು ನಮ್ಮವನಾದನೆಂದರೆ, ಅವನ ಹಿಂದೆ ಹೋದ ಮಕ್ಕಳನ್ನು ನೆನೆದು ಮರುಗುವ ಯಾವ ಕನ್ನಡಿಗನಿಗೂ ಹ್ಯಾಮೆಲಿನ್ ನೆನಪಾಗುವುದಿಲ್ಲ. ಹೊರಗಿನ ಕಥೆಯನ್ನು ಹೀಗೆ ಒಳಗೆ ತಂದುಕೊಂಡ ಭಾಷೆಯು ತನ್ನ ಮನೆಯ ಕಥೆಗಳನ್ನು ಕಾದಂಬರಿಯಾಗಿ ಬೆಳೆಸುವುದಕ್ಕೆ ಯಾಕೆ ಹಿಂಜರಿಯಬೇಕು ಎಂಬುದೇ ನನ್ನ ಪ್ರಶ್ನೆ.

ಆ ಕಥೆಗಳೇನು ಕಡಿಮೆಯಿಲ್ಲ. ಮೈಸೂರಿನಲ್ಲಿ ಹುಟ್ಟಿ, ಬೆಳಗಾವಿಯಲ್ಲಿ ಪಾಠ ಹೇಳಿ, ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಭಾಷಾಶಾಸ್ತ್ರ ಕಲಿತು, ಆಮೇಲೆ ಶಿಕಾಗೋ ಸೇರಿದ ಎ. ಕೆ. ರಾಮಾನುಜನ್ ಅವರು ಕನ್ನಡದ ಹೆಂಗಸರ ಬಾಯಿಯಿಂದ ಕೇಳಿ ಸಂಗ್ರಹಿಸಿದ ಕಥೆಗಳ ಇಂಗ್ಲಿಷ್ ಪುಸ್ತಕ ‘ಎ ಫ್ಲವರಿಂಗ್ ಟ್ರೀ’ (ಹೂವಿನ ಮರ) ಅವರು ತೀರಿಕೊಂಡ ನಾಲ್ಕು ವರ್ಷಗಳ ಬಳಿಕ, 1997ರಲ್ಲಿ ಹೊರಬಂದಿತು. ಆ ಪುಸ್ತಕಕ್ಕೆ ಹೆಸರು ಕೊಟ್ಟ ಕಥೆಯನ್ನು ಗಮನಿಸಿ. ಕೂಲಿ ಮಾಡಿ ಬದುಕುವ ಮುದುಕಿಗೆ ಇಬ್ಬರು ಹೆಣ್ಣುಮಕ್ಕಳು. ಕಿರಿಯವಳು ಹೂವಿನ ಮರವಾಗಬಲ್ಲಳು, ಆದರೆ ಅದಕ್ಕೆ ಕಟ್ಟಳೆಗಳಿವೆ. ಅಕ್ಕ ಎರಡು ಕೊಡ ನೀರು ತರಬೇಕು, ನೀರಿಗೆ ಉಗುರು ತಾಗಬಾರದು. ಒಂದು ಕೊಡ ಸುರಿದರೆ ತಂಗಿ ಮರವಾಗುತ್ತಾಳೆ, ಎಲೆ ಹರಿಯದಂತೆ, ಟೊಂಗೆ ಮುರಿಯದಂತೆ ಹೂ ಬಿಡಿಸಿಕೊಂಡು ಎರಡನೆಯ ಕೊಡ ಸುರಿದರೆ ಮತ್ತೆ ಹುಡುಗಿಯಾಗುತ್ತಾಳೆ. ಆ ಹೂಗಳನ್ನು ಮಾರಿ ಅಮ್ಮನ ಕಷ್ಟ ನೀಗಿಸಬೇಕೆಂಬುದಷ್ಟೇ ಅವರ ಆಸೆ. ಮುಂದೆ ರಾಜನ ಮಗ ಆಕೆಯನ್ನು ಮದುವೆಯಾಗುತ್ತಾನೆ. ನಾದಿನಿ ಆಕೆಯನ್ನು ತೋಟಕ್ಕೆ ಕರೆದೊಯ್ದು, ಬಲವಂತದಿಂದ ಮರವಾಗಿಸಿ, ಗೆಳತಿಯರ ಜೊತೆ ಸೇರಿ ಟೊಂಗೆಗಳನ್ನು ಮುರಿದು, ನೀರನ್ನೂ ವಿಧಿಯಂತೆ ಸುರಿಯದೆ ಹೊರಟುಹೋಗುತ್ತಾಳೆ. ಉಳಿಯುವುದು ಕೈಕಾಲುಗಳಿಲ್ಲದ ಅರೆಜೀವ.

ನನ್ನ ವಯಸ್ಸಿನ ಓದುಗರು ಒಂದೆಡೆ ಸೇರಿದರೆ ಗಂಟೆಗಟ್ಟಲೆ ಚರ್ಚಿಸುವ ಸಂಗತಿಯೊಂದಿದೆ: ಕಾದಂಬರಿಯ ಲೋಕದಲ್ಲಿ ಮಾಯೆಗೆ ನಿಯಮವೇನು, ಅದಕ್ಕೆ ತೆರಬೇಕಾದ ಬೆಲೆಯೇನು, ಬೆಲೆಯನ್ನು ತೆರುವವರು ಯಾರು? ನಿಯಮವಿಲ್ಲದ ಮಾಯೆ ಬೇಸರ ಹುಟ್ಟಿಸುತ್ತದೆ. ಎರಡು ಕೊಡ, ತಾಗಬಾರದ ಉಗುರು, ಮುರಿಯಬಾರದ ಟೊಂಗೆ ಎಂಬಷ್ಟರಲ್ಲಿಯೇ ನಿಯಮವನ್ನೂ ಬೆಲೆಯನ್ನೂ ಇಟ್ಟು, ಆ ನಿಯಮ ಮುರಿದಾಗ ಏನಾಗುತ್ತದೆಂಬುದನ್ನು ತೋರಿಸಿದ ಈ ಕಥೆ ಯಾವ ದೊಡ್ಡ ಸರಣಿ ಕಾದಂಬರಿಗೂ ಸಾಟಿಯಾಗಬಲ್ಲದು. ಕಾದಂಬರಿಕಾರರಿಗೆ ಅದು ಬಿಟ್ಟುಕೊಟ್ಟಿರುವ ಜಾಗವಂತೂ ಅಪಾರ. ಉಗುರು ತಾಗದಂತೆ ಕೊಡ ಹಿಡಿದು ನಿಂತ ಅಕ್ಕ, ತಂಗಿಯ ಮದುವೆಯ ನಂತರ ಕಥೆಯಿಂದ ಮರೆಯಾಗುತ್ತಾಳೆ. ಆಕೆಗೆ ಸುದ್ದಿ ಮುಟ್ಟಿತೇ? ನೀರು ಸುರಿಯುವ ಕೈ ತನ್ನದಾಗಿರಬೇಕಿತ್ತು ಎಂದು ಆಕೆ ಮಿಡುಕಿದಳೇ? ನಾದಿನಿಯ ಮನಸ್ಸಿನಲ್ಲಿದ್ದದ್ದು ಬರೀ ಮತ್ಸರವೇ ಅಥವಾ ತನಗೂ ಮರವಾಗುವ ಆಸೆಯೇ? ಇಂಥ ಪ್ರಶ್ನೆಗಳನ್ನು ಹಿಡಿದು ಇನ್ನೂರು ಮುನ್ನೂರು ಪುಟ ಬರೆಯುವ ಕನ್ನಡದ ಲೇಖಕರಿಗಾಗಿ ನಾನು ಕಾಯುತ್ತಿದ್ದೇನೆ.

ಹೊರಗಿನವರು ಕಾಯಲಿಲ್ಲ. ಅಮೆರಿಕದ ಸಂಗೀತಕಾರ ಜಾನ್ ಆ್ಯಡಮ್ಸ್ ರಾಮಾನುಜನ್ ಅವರ ಅನುವಾದವನ್ನು ಆಧರಿಸಿ ಇದೇ ಕಥೆಯನ್ನು ಆಪೆರಾ ಮಾಡಿದರು, 2006ರಲ್ಲಿ ವಿಯೆನ್ನಾದಲ್ಲಿ ಅದರ ಮೊದಲ ಪ್ರಯೋಗ ನಡೆಯಿತು. ನಮ್ಮವರಲ್ಲಿ ಗಿರೀಶ ಕಾರ್ನಾಡರು ಇದನ್ನು 1992ರಲ್ಲಿ ‘ಚೆಲುವಿ’ ಚಲನಚಿತ್ರವಾಗಿಸಿದರು, ಅದಕ್ಕೂ ಮೊದಲು ರಾಮಾನುಜನ್ ಅವರಿಂದ ಕೇಳಿದ ಜನಪದ ಕಥೆಗಳಿಂದ ‘ನಾಗಮಂಡಲ’ ನಾಟಕವನ್ನು ರಚಿಸಿದರು. ಕಂಬಾರರ ನಾಟಕಗಳೂ ಇದೇ ನೆಲದಲ್ಲಿ ಬೇರುಬಿಟ್ಟಿವೆ. ರಂಗಭೂಮಿ ತನ್ನ ಪಾಲಿನ ಕೆಲಸವನ್ನು ಎಂದೋ ಮಾಡಿದೆ ಎಂದಾಯಿತು. ಜನಪದ ಕಥೆಗಳ ಸಂಗ್ರಹಗಳೂ ಕನ್ನಡದಲ್ಲಿ ಬೇಕಾದಷ್ಟಿವೆ, ಆದರೆ ಅವು ಬಹುಮಟ್ಟಿಗೆ ಸಂಶೋಧಕರಿಗಾಗಿ ಮುದ್ರಿತವಾದವು. ಇನ್ನೊಂದು ಕೊನೆಯಲ್ಲಿ ಪುಟ್ಟ ಮಕ್ಕಳಿಗಾಗಿ ಬಣ್ಣದ ಚಿತ್ರಗಳ ಹದಿನಾರು ಪುಟದ ಪುಸ್ತಕಗಳಿವೆ. ಇವೆರಡರ ನಡುವೆ, ಹನ್ನೆರಡರಿಂದ ಇಪ್ಪತ್ತು ವರ್ಷದವರು ರಾತ್ರಿ ದೀಪ ಆರಿಸದೆ ಓದಬಹುದಾದ ದಪ್ಪನೆಯ ಕನ್ನಡ ಕಾದಂಬರಿಯ ಜಾಗ ಹೆಚ್ಚುಕಡಿಮೆ ಖಾಲಿಯೇ ಇದೆ. ಹೀಗಾಗಿ ಕನ್ನಡದ ಹೂವಿನ ಮರದ ಕಥೆಯನ್ನು ನಾನು ಮೊದಲು ಓದಿದ್ದು ಇಂಗ್ಲಿಷಿನಲ್ಲಿ, ಇದು ನನ್ನೊಬ್ಬಳ ಅನುಭವವಲ್ಲ.

ಮುಂಬಯಿ ಕನ್ನಡಿಗರಿಗೆ ವಿಶೇಷವಾಗಿ ಹತ್ತಿರವಾಗಬೇಕಾದ ಕಥೆಯೊಂದನ್ನೂ ಹೇಳಬೇಕು. ರಾಮಾನುಜನ್ ಅವರು ಕನ್ನಡದ ಸಿಂಡ್ರೆಲಾ ಎಂದು ವಿದ್ವಾಂಸರಿಗೆ ಪರಿಚಯಿಸಿದ ‘ಹಂಚಿ’ಯ ಕಥೆ ಅದು. ಚಿನ್ನದ ಕೂದಲಿನ ಹುಡುಗಿಯ ಮೇಲೆ ಒಡಹುಟ್ಟಿದವನದೇ ಕೆಟ್ಟ ಕಣ್ಣು ಬೀಳುತ್ತದೆ. ತಾಯಿ ಮಗಳ ಮುಖಕ್ಕೆ ಮಣ್ಣಿನ ಮುಖವಾಡ ತೊಡಿಸಿ ಊರಿನಿಂದ ಹೊರಗೆ ಕಳುಹಿಸುತ್ತಾಳೆ. ಗುರುತಿಲ್ಲದ ಊರಿನಲ್ಲಿ ಶ್ರೀಮಂತರ ಮನೆಯ ಅಡುಗೆ ಕೆಲಸಕ್ಕೆ ಸೇರಿದ ಆಕೆಯನ್ನು ಎಲ್ಲರೂ ಹಂಚಿ ಎಂದೇ ಕರೆಯುತ್ತಾರೆ. ಎಲ್ಲರೂ ಹೊರಗೆ ಹೋಗಿರುವಾಗ ಮುಖವಾಡ ತೆಗೆದಿಟ್ಟು ಎಣ್ಣೆ ಹಚ್ಚಿ ನೀರೆರೆದುಕೊಳ್ಳುವ ಹೊತ್ತಿನಲ್ಲಿ ಆ ಮನೆಯ ಕಿರಿಯ ಮಗ ಆಕೆಯನ್ನು ಕಾಣುತ್ತಾನೆ. ಮದುವೆಯಾದ ಮೇಲೂ ಕಪಟ ಸ್ವಾಮಿಯೊಬ್ಬನ ಕುತಂತ್ರಕ್ಕೆ ಸಿಕ್ಕಿ ಮನೆಯಿಂದ ದೂರವಾದ ಆಕೆಯನ್ನು ಕೊನೆಗೆ ಗಂಡನ ಮನೆಯವರು ಗುರುತಿಸುವುದು ಅಡುಗೆಯ ರುಚಿಯಿಂದ. 1697ರಲ್ಲಿ ಫ್ರಾನ್ಸಿನ ಪೆರೋ ಬರೆದ ಸಿಂಡ್ರೆಲಾಳನ್ನು ಗಾಜಿನ ಪಾದುಕೆಯಿಂದ ಪತ್ತೆಹಚ್ಚಿದರು, ನಮ್ಮ ಹಂಚಿಯನ್ನು ಕೈರುಚಿಯಿಂದ. ಅಳತೆಗೆ ಸರಿಹೊಂದುವ ಪಾದಕ್ಕಿಂತ ದುಡಿಮೆಯಿಂದ ಬಂದ ಹದವನ್ನು ಗುರುತಾಗಿಟ್ಟುಕೊಂಡ ಕಥೆ ನನಗೆ ಹೆಚ್ಚು ಪ್ರಿಯ.

ಊರು ಬಿಟ್ಟು ಬಂದು ಪರಸ್ಥಳದ ಅಡುಗೆಮನೆಯಲ್ಲಿ ದುಡಿದು ಬದುಕು ಕಟ್ಟಿಕೊಂಡವರ ಕಥೆ ಈ ನಗರದ ಕನ್ನಡಿಗರಿಗೆ ಹೊಸದಲ್ಲ. ಮಾಟುಂಗ, ಫೋರ್ಟ್ ಪರಿಸರದ ಉಡುಪಿ ಹೋಟೆಲುಗಳಲ್ಲಿ ಹಗಲೆಲ್ಲ ತಟ್ಟೆ ಲೋಟ ತೊಳೆದು, ಹಿಟ್ಟು ರುಬ್ಬಿ, ರಾತ್ರಿ ಕನ್ನಡ ರಾತ್ರಿಶಾಲೆಗಳಲ್ಲಿ ಅಕ್ಷರ ಕಲಿತ ಹುಡುಗರ ಪೀಳಿಗೆಯೊಂದು ಇಲ್ಲಿತ್ತು. ಅವರಲ್ಲಿ ಹಲವರ ಮೊಮ್ಮಕ್ಕಳು ಇಂದು ನನ್ನ ಸಹಪಾಠಿಗಳು. ಹಂಚಿ ಆ ಶ್ರೀಮಂತರ ಮನೆಯ ಬದಲು ಮಾಟುಂಗದ ಖಾನಾವಳಿಯೊಂದರ ಅಡುಗೆಮನೆಗೆ ಬಂದರೆ, ಆಕೆಯ ಮುಖವಾಡವನ್ನು ಒಬ್ಬೊಬ್ಬರೂ ಒಂದೊಂದು ಬಗೆಯಾಗಿ ಕಂಡರೆ ಎಂಥ ಕಾದಂಬರಿಯಾದೀತು! ಮರುಕಥನವೆಂದರೆ ಪಾತ್ರಗಳ ಹೆಸರು ಬದಲಿಸಿ ಮೊಬೈಲ್ ಫೋನು ಕೈಗೆ ಕೊಡುವುದಲ್ಲ. ಅಂಥವು ಇಂಗ್ಲಿಷಿನಲ್ಲಿ ಸಾಕಷ್ಟಿವೆ, ಅವುಗಳಲ್ಲಿ ಹೆಚ್ಚಿನವನ್ನು ನಾನು ಅರ್ಧಕ್ಕೇ ಮುಚ್ಚಿಟ್ಟಿದ್ದೇನೆ. ಹಳೆಯ ಕಥೆಯ ಒಳಗಿನ ನೋವು ಹೊಸ ಜಾಗದಲ್ಲಿಯೂ ಅದೇ ನೋವಾಗಿ ಕಾಣಿಸಬೇಕು. 2018ರಲ್ಲಿ ಬಂದ ನವೋಮಿ ನೋವಿಕ್ ಅವರ ‘ಸ್ಪಿನ್ನಿಂಗ್ ಸಿಲ್ವರ್’ ನನಗೆ ಮೆಚ್ಚಿಗೆಯಾದದ್ದು ಇದೇ ಕಾರಣಕ್ಕೆ. ಹುಲ್ಲನ್ನು ಚಿನ್ನವಾಗಿ ನೂಲುವ ಕಥೆಯನ್ನು ಅವರು ಸಾಲ ಕೊಟ್ಟು ವಸೂಲಿ ಮಾಡಲಾರದ ಯಹೂದಿ ತಂದೆಯ ಮಗಳ ಕಥೆಯಾಗಿ ಹೇಳುತ್ತಾರೆ, ಸಾಲ ತೀರಿಸದ ಊರಿನವರು ಆ ಮನೆತನವನ್ನು ಹೇಗೆ ಕಾಣುತ್ತಾರೆಂಬುದು ಅದರ ಜೀವಾಳ.

ಒಂದು ಎಚ್ಚರಿಕೆಯ ಮಾತನ್ನೂ ಹೇಳಬೇಕು. ತುಳುನಾಡಿನಿಂದ ಬಂದ ಮನೆಗಳೇ ಇಲ್ಲಿ ಹೆಚ್ಚಾಗಿರುವುದರಿಂದ, ಸಿರಿಯ ಅಥವಾ ಕೋಟಿ ಚೆನ್ನಯರ ಪಾಡ್ದನಗಳನ್ನು ಕಾದಂಬರಿಯಾಗಿಸಬಾರದೇ ಎಂದು ಯಾರಾದರೂ ಕೇಳಬಹುದು. ಅವು ಆರಾಧನೆಯ ಭಾಗವಾದ ಹಾಡುಗಳು, ಅವುಗಳನ್ನು ಮುಟ್ಟುವ ಮೊದಲು ಅವನ್ನು ಹಾಡಿಕೊಂಡು ಬಂದವರ ಮಾತು ಕೇಳಬೇಕು ಎಂಬುದು ನನ್ನ ಅನಿಸಿಕೆ. ಅಜ್ಜಿಕಥೆಗಳಿಗೆ ಆ ಕಟ್ಟು ಇಲ್ಲ. ಅವು ಭಾಷೆಯ ಗಡಿಯನ್ನೂ ಲೆಕ್ಕಿಸುವುದಿಲ್ಲ. ನಮ್ಮ ಕಟ್ಟಡದ ಮರಾಠಿ ಮಕ್ಕಳು ಹೇಳುವ ‘ಚಿಮಣಿ ಕಾವಳ್ಯಾಂಚಿ ಗೋಷ್ಟ’ ಎಂಬ ಗುಬ್ಬಿ ಕಾಗೆಗಳ ಕಥೆಯಲ್ಲಿ ಕಾಗೆಯ ಸೆಗಣಿಯ ಮನೆ ಮಳೆಗೆ ಕೊಚ್ಚಿಹೋಗಿ, ಅದು ಗುಬ್ಬಿಯ ಮೇಣದ ಮನೆಯ ಬಾಗಿಲು ತಟ್ಟುತ್ತದೆ. ಕನ್ನಡದ ಕಾಗಕ್ಕ ಗುಬ್ಬಕ್ಕರ ಕಥೆಯಲ್ಲಿಯೂ ತಟ್ಟುವವಳು ಕಾಗಕ್ಕನೇ, ಒಳಗಿರುವವಳು ಗುಬ್ಬಕ್ಕನೇ. ಎರಡನ್ನೂ ಕೇಳಿ ಬೆಳೆದ ಮುಂಬಯಿಯ ಮಗುವಿಗೆ ಬೆಂಗಳೂರಿನ ಮಗುವಿಗಿಲ್ಲದ ಸಂಪತ್ತೊಂದು ಇದೆಯೆಂದೇ ನಾನು ತಿಳಿಯುತ್ತೇನೆ. ಮಳೆಗಾಲದಲ್ಲಿ ಊರಿನ ಯಕ್ಷಗಾನ ಮೇಳಗಳು ಇಲ್ಲಿಗೆ ಬಂದಾಗ ಸಭಾಗೃಹದ ಮುಂದಿನ ಸಾಲುಗಳಲ್ಲಿ ಕುಳಿತು ಕಾಲ್ಪನಿಕ ಪ್ರಸಂಗಗಳನ್ನು ಕಣ್ಣರಳಿಸಿ ನೋಡುವ ಹಿರಿಯರೇ, ನಾವು ಮಾಯೆಯ ಕಾದಂಬರಿ ಓದಿದರೆ ಬೇಸರಿಸಿಕೊಳ್ಳುವುದು ಸರಿಯೇ?

ಬರೆದರೂ ಓದುವವರು ಯಾರು, ಮುಂಬಯಿಯ ಮಕ್ಕಳಿಗೆ ಕನ್ನಡ ಓದುವುದಕ್ಕೇ ಬರುವುದಿಲ್ಲವಲ್ಲ ಎಂದು ಪ್ರಕಾಶಕರು ಹೇಳಬಹುದು. ನಾನು ಇಂಗ್ಲಿಷ್ ಮಾಧ್ಯಮದಲ್ಲಿ ಕಲಿತವಳು, ಕನ್ನಡದ ಅಕ್ಷರಗಳನ್ನು ಮನೆಯಲ್ಲಿ ಕಲಿತೆ. ಅಕ್ಷರ ಕಲಿಯುವುದು ಕಷ್ಟವಲ್ಲ. ಒತ್ತಕ್ಷರ ಬಂದಲ್ಲೆಲ್ಲ ಎಡವದೆ, ವಾಕ್ಯದ ಕೊನೆಯ ಕ್ರಿಯಾಪದದವರೆಗೆ ಒಂದೇ ಉಸಿರಿನಲ್ಲಿ ಸಾಗುವ ವೇಗ ಬರುವುದು ಕಷ್ಟ, ಆ ವೇಗ ಪಠ್ಯಪುಸ್ತಕದಿಂದಾಗಲಿ ನೀತಿಪದ್ಯಗಳಿಂದಾಗಲಿ ಬರುವುದಿಲ್ಲ. ಮುಂದೇನಾಯಿತು ಎಂಬ ಕುತೂಹಲವೇ ಕಣ್ಣನ್ನು ಮುಂದಕ್ಕೆ ಎಳೆದುಕೊಂಡು ಹೋಗಬೇಕು, ತಿಳಿಯದ ಶಬ್ದವನ್ನು ಹಾರಿ ಮುಂದೆ ಹೋಗುವಷ್ಟು ಅವಸರ ಇರಬೇಕು. ಇಂಗ್ಲಿಷಿನಲ್ಲಿ ನನಗೆ ಆ ವೇಗ ಬಂದದ್ದು ಮಾಯಾಲೋಕದ ದಪ್ಪ ಕಾದಂಬರಿಗಳಿಂದಲೇ. ಕನ್ನಡದಲ್ಲಿ ಅಂಥ ಪುಸ್ತಕಗಳು ಕೈಗೆ ಸಿಕ್ಕಿದ್ದರೆ ಇಂದು ನಾನು ಚಿತ್ತಾಲರನ್ನೂ ಬಲ್ಲಾಳರನ್ನೂ ಇನ್ನಷ್ಟು ಸಲೀಸಾಗಿ ಓದುತ್ತಿದ್ದೆ ಎಂದು ನಂಬಿದ್ದೇನೆ. ಮುಂಬಯಿಯನ್ನು ಕನ್ನಡ ಕಾದಂಬರಿಗೆ ತಂದ ಆ ಹಿರಿಯರ ಕಡೆಗೆ ಹೋಗುವುದಕ್ಕೂ ಎಳೆಯರಿಗೆ ನಡುವೆ ಒಂದು ಮೆಟ್ಟಿಲು ಬೇಕಲ್ಲವೇ?

ಈ ನಗರದಲ್ಲಿ ಅದನ್ನು ಆರಂಭಿಸುವುದಕ್ಕೆ ಬೇಕಾದದ್ದೆಲ್ಲ ಇದೆ. 1926ರಿಂದ ನಡೆದುಬಂದಿರುವ ಮಾಟುಂಗದ ಮೈಸೂರು ಅಸೋಸಿಯೇಶನ್ ಇದೆ, ಮಾಹಿಮಿನಲ್ಲಿ ಕರ್ನಾಟಕ ಸಂಘ ಇದೆ, ಕಲೀನಾದಲ್ಲಿ ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗವಿದೆ, ಉಪನಗರಗಳ ಸಂಘಗಳಿಗಂತೂ ಲೆಕ್ಕವಿಲ್ಲ. ಇವುಗಳ ಗ್ರಂಥಾಲಯಗಳಲ್ಲಿ ಹದಿಹರೆಯದವರಿಗಾಗಿ ಒಂದು ಕಪಾಟನ್ನು ಮೀಸಲಿಟ್ಟರೆ, ವಾರ್ಷಿಕ ಭಾಷಣ ಸ್ಪರ್ಧೆಯ ಜೊತೆಗೆ ಅಜ್ಜಿಕಥೆಯ ಮರುಬರವಣಿಗೆಗೂ ಒಂದು ಬಹುಮಾನವಿಟ್ಟರೆ ಅದಕ್ಕೆ ದೊಡ್ಡ ಖರ್ಚೇನೂ ಆಗದು. ಕನ್ನಡದ ಎಷ್ಟೋ ಒಳ್ಳೆಯ ಕಾದಂಬರಿಗಳು ಮೊದಲು ಧಾರಾವಾಹಿಯಾಗಿ ಪತ್ರಿಕೆಗಳಲ್ಲಿಯೇ ಬಂದವು. ತಮ್ಮ ಭಾನುವಾರದ ಪುರವಣಿಯಲ್ಲಿ ಅರ್ಧ ಪುಟವನ್ನು ಇದಕ್ಕಾಗಿ ಬಿಟ್ಟುಕೊಡಬೇಕೆಂದು ಕೇಳಿಕೊಳ್ಳುತ್ತೇನೆ. ಹಂಚಿಯ ಕಥೆಯನ್ನಾಗಲಿ ಹೂವಿನ ಮರದ ಕಥೆಯನ್ನಾಗಲಿ ತಮ್ಮ ಊರಿನಲ್ಲಿ ಬೇರೊಂದು ರೀತಿಯಾಗಿ ಕೇಳಿದ ಹಿರಿಯರು ಈ ಪತ್ರವನ್ನು ಓದುತ್ತಿದ್ದರೆ, ಕೇಳಿದ್ದು ಕೇಳಿದ ಹಾಗೆಯೇ, ಊರಿನ ಹೆಸರನ್ನೂ ಸೇರಿಸಿ, ದಯವಿಟ್ಟು ಪತ್ರಿಕೆಗೆ ಬರೆದು ಕಳುಹಿಸಲಿ. ಅವುಗಳನ್ನು ಕಾದಂಬರಿಯಾಗಿ ಬೆಳೆಸುವ ಪ್ರಯತ್ನಕ್ಕೆ ನಾನು ಸಿದ್ಧಳಿದ್ದೇನೆ, ನನ್ನ ಗೆಳತಿಯರೂ ಸಿದ್ಧರಿದ್ದಾರೆ.

ಇತಿ ತಮ್ಮ ವಿಶ್ವಾಸಿ,
ಓರ್ವ ಪದವಿ ವಿದ್ಯಾರ್ಥಿನಿ,
ಡೊಂಬಿವಲಿ ಪೂರ್ವ